ನೆರಳಲ್ಲಿ ಒಣಗಿದ ಮೀನು

ಕದ್ದವನು ಮಾರಲೇಬೇಕಲ್ಲ, ಮಾರದಿದ್ದರೆ ಕದಿಯುವುದೇಕೆ? ಸಬ್‌ಇನ್‌ಸ್ಪೆಕ್ಟರ್ ಕೃಷ್ಣಾನಂದರಿಗೆ ಇದೊಂದೇ ಬಗೆಹರಿಯಲಿಲ್ಲ. 1979ರ ನವೆಂಬರ್ 12ರಂದು ಹೊನ್ನಾವರ ಠಾಣೆಗೆ ಬೋಟ್ ಮಾಲೀಕರ ಸಂಘದ ದೂರು ಬಂದಿತ್ತು: ರಸ್ತೆ ಬದಿಯ ಟ್ಯಾಂಕಿನಿಂದ ಬಂದರಿನ ಪಂಪಿಗೆ ಮರಳಿನಡಿ ಹೋಗುವ ಕೊಳವೆಯಿಂದ ದೀಪಾವಳಿಯ ಈಚೆ ಡೀಸೆಲ್ ಕಳವಾಗುತ್ತಿದೆ, ಬೋಟುಗಳು ದಡದಲ್ಲೇ ನಿಲ್ಲುತ್ತಿವೆ. ಎಫ್‌ಐಆರ್ ದಾಖಲಾಯಿತು. ಭಟ್ಕಳದಿಂದ ಕುಮಟೆಯವರೆಗೆ ಲಾರಿಯವರನ್ನು, ಗಿರಣಿಯವರನ್ನು ವಿಚಾರಿಸಿದರು. ಅಗ್ಗದ ಡೀಸೆಲ್ ಯಾರಿಗೂ ಸಿಕ್ಕಿರಲಿಲ್ಲ.

ಕಾನ್‌ಸ್ಟೆಬಲ್ ಪಾಂಡುವಿನೊಡನೆ ದಂಡೆಗೆ ಹೋದರು. ಕೊಳವೆಯ ಸಾಲಿನುದ್ದಕ್ಕೂ ಹೆಂಗಸರು ಮೀನು ಒಣಹಾಕಿದ್ದರು.

"ಮೂಸಿ ನೋಡಿ ಸಾಯ್ಬ್ರೇ!" ಸುಕ್ರಿ ಎಂಬವಳು ಒಣ ಬಂಗಡೆ ಮೀನೊಂದನ್ನು ಪಾಂಡುವಿನ ಮೂಗಿಗೇ ಹಿಡಿದಳು. "ಘಟ್ಟದವ್ರು ಕೇಳ್ತ್ರು, ಇದು ಮೀನೋ ಲಾರಿಯೋ ಹೇಳಿ."

"ಒಲೆ ಹತ್ರ ಇಡ್ಬೇಡ ಮಾರಾಯ್ತಿ," ಎಂದ ಪಾಂಡು.

ದೂರದ ಗಾಳಿಮರಗಳ ನೆರಳಲ್ಲಿ ದುರ್ಗಮ್ಮ ಒಬ್ಬಳೇ ಮೀನು ಹರವಿದ್ದಳು. ಅದಕ್ಕೆ ಡೀಸೆಲ್ ವಾಸನೆ ಹಿಡಿದಿರಲಿಲ್ಲ.

"ನಿನ್ನ ಜಾಗ ಇದೇ ಏನಮ್ಮಾ?" ಕೃಷ್ಣಾನಂದ ಕೇಳಿದರು.

"ಅಲ್ರಾ. ಸುಕ್ರಿ ಬಗಲಿಗೆ."

"ಇಲ್ಲಿಗೆ ಯಾವಾಗ ಬಂದೆ?"

"ದೀಪಾವಳಿ ಮುಂಚೆ."

"ಯಾಕೆ?"

"ನಮ್ಮನೆಯವ್ರು ಹೇಳಿದ್ರು, ಇಲ್ಲಿ ಬಿಸ್ಲು ಚೊಲೋ ಹೇಳಿ." ನಕ್ಕಳು. "ಎಲ್ಲದೆ ಬಿಸ್ಲು? ಗಂಡಸ್ರಿಗೆ ಮೀನು ಹಿಡಿಯೂಕೆ ಬತ್ತದೆ, ಒಣಗ್ಸೂಕೆ ಬರೂದಿಲ್ಲ."

ಕೃಷ್ಣಾನಂದ ನಗಲಿಲ್ಲ. ಮರಳಿಗೆ ಡೀಸೆಲ್ ವಾಸನೆ ಹಿಡಿಯುವ ಮೊದಲೇ, ಹಿಡಿಯಲಿದೆಯೆಂದು ಒಬ್ಬನಿಗೆ ಗೊತ್ತಿತ್ತು.

ಅಂದು ರಾತ್ರಿ, ದಂಡೆ ಖಾಲಿಯಾದ ಮೇಲೆ, ಅವಳ ಹಳೆಯ ಜಾಗದಲ್ಲಿ ಅಗೆಸಿದಾಗ ಕೊಳವೆಯ ಬೆಸುಗೆಗೆ ಕೂಡಿಸಿದ ನಲ್ಲಿ, ರಬ್ಬರ್ ನಳಿಗೆ ಕಂಡವು. ಪಂಚರ ಎದುರು ಪಂಚನಾಮೆ ಮಾಡಿ ಮರಳು ಮುಚ್ಚಿಸಿದರು. ಮರುದಿನ ಮಧ್ಯಾಹ್ನ, ದಂಡೆಯವರು ಊಟಕ್ಕೆ ಹೋದ ಹೊತ್ತಿಗೆ, ದುರ್ಗಮ್ಮನ ಗಂಡ ಹೊನ್ನ ಡಬ್ಬಿಗಳೊಂದಿಗೆ ಬಂದು ಸಿಕ್ಕಿಬಿದ್ದ. ಕೇದಗೆ ಪೊದೆಗಳ ಹಿಂದೆ ಹುಗಿದ ಬ್ಯಾರಲ್‌ಗಳನ್ನು ಅವನೇ ತೋರಿಸಿದ. ಎಲ್ಲವೂ ತುಂಬಿದ್ದವು.

"ಮಾರಲಿಲ್ಲ ಯಾಕೆ?"

"ಮಾರಿದ್ರೆ ತಿರ್ಗಿ ಬೋಟಿಗೇ ಹೋಗ್ತದಲ್ರಾ."

"ಸಮುದ್ರಕ್ಕೆ ಚೆಲ್ಲಬಹುದಿತ್ತು."

ಹೊನ್ನ ತಲೆಯೆತ್ತಿದ. "ಸಮುದ್ರಕ್ಕಾ? ಎಂತ ಮಾತು ಸಾಯ್ಬ್ರೇ!"

ಅವನು ರಂಪಣಿ ಬಲೆ ಎಳೆಯುವವನು. ದಡದಿಂದ ಊರಿಗೆ ಊರೇ ಹಗ್ಗ ಹಿಡಿದು ಎಳೆಯುವ ಬಲೆ ಅದು. ಈಗ ಮೀನಿನ ಹಿಂಡು ದಡ ಮುಟ್ಟುವ ಮೊದಲೇ ಬೋಟುಗಳು ಸುತ್ತುಗಟ್ಟುತ್ತಿದ್ದವು. ಚಪ್ಪರದಲ್ಲಿ ಬಿದ್ದ ಬಲೆಯನ್ನು ಇಲಿ ಕಡಿಯುತ್ತಿತ್ತು. ಡೀಸೆಲ್ ಸಾಲದೆ ಬೋಟು ನಿಂತ ಒಂದು ದಿನ ಮಾತ್ರ ಬಂಗಡೆ ದಂಡೆಗೆ ಬಂದಿತ್ತು.

"ಎಲ್ರೂ ಎಳದ್ರು ಆ ದಿನ," ಎಂದ. "ಮುದುಕ್ರೂ ಬಂದಿದ್ರು."

ಕೃಷ್ಣಾನಂದ ಐಪಿಸಿ 379ರಡಿ ಬಂಧನ ಬರೆದರು. ಕೊಳವೆಯನ್ನು ಮರಳಿನಿಂದ ಮೇಲೆತ್ತಿ, ಎಲ್ಲರಿಗೂ ಕಾಣುವಂತೆ ಕಲ್ಲುಕಂಬಗಳ ಮೇಲೆ ಹಾಯಿಸಲು ಸಂಘಕ್ಕೆ ತಿಳಿಸಿದರು.

ಸಂಜೆ ದುರ್ಗಮ್ಮ ಠಾಣೆಗೆ ಗಂಜಿ ತಂದಳು. ಹೊನ್ನ ಸರಳುಗಳ ಹಿಂದಿನಿಂದ ಕೇಳಿದ, "ಯಾರು ಹೇಳಿದ್ದು, ಗೊತ್ತಾತಾ?"

"ಗೊತ್ತಾಗ್ಲಿಲ್ಲ. ಹೇಳಿದವ್ರ ನಾಲ್ಗೆ ಬಿದ್ದೋಗ್ಲಿ."

ಪಾಂಡು ಸಾಹೇಬರ ಮುಖ ನೋಡಿದ. ಕೃಷ್ಣಾನಂದ ಬರೆಯುತ್ತಲೇ ಇದ್ದರು. ಹೇಳಿದ್ದು ಅವಳೇ ಎಂದು ಅವರು ಯಾವತ್ತೂ ಹೇಳಲಿಲ್ಲ.