ಐದು ತಿಂಗಳ ಗುಟ್ಟು

"ದೀಪ ಮುಟ್ಟಿ ಹೇಳು. ಐದು ತಿಂಗಳು ತುಂಬುವವರೆಗೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು."

ದೈವದ ಕೋಣೆಯ ಹೊಸ್ತಿಲಲ್ಲಿ ನಿಂತು ಶಶಿಪ್ರಭಾ ಸೊಸೆ ನಿಖಿತಾಳಿಗೆ ಹೀಗೆ ಹೇಳಿದರು. ಹಿಂದಿನ ಸಲ ಬಸುರಿನ ಸುದ್ದಿ ಊರಿಗೆಲ್ಲ ಹಬ್ಬಿ, ಕಂಡಕಂಡವರ ದೃಷ್ಟಿ ತಾಗಿ, ಮೂರನೆಯ ತಿಂಗಳಲ್ಲೇ ಎಲ್ಲ ಮುಗಿದುಹೋಯಿತೆಂಬುದು ಅತ್ತೆಯ ಗಟ್ಟಿ ನಂಬಿಕೆ. ಗಂಡ ಶ್ರವಣ್ ಮಸ್ಕತ್ತಿನಲ್ಲಿ. ಅಳದಂಗಡಿಯ ತವರಿನಲ್ಲಿ ತಾಯಿಯಿಲ್ಲ. ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ನಿಖಿತಾ ದೀಪ ಮುಟ್ಟಿದಳು. ಆಣೆ ಹಾಕಿಸಿದವರಿಗೇನು, ಹಾಕಿಸಿ ಒಳಗೆ ಹೋಗಿ ದೋಸೆ ಹುಯ್ದರು. ಹೊತ್ತು ತಿರುಗಬೇಕಾದವಳು ಇವಳು!

ಏಕೆಂದರೆ ಅವಳ ಕೆಲಸ ಅಂಥದ್ದು. ಮೂಡುಬಿದಿರೆಯಿಂದ ದಿನಾ ಬಸ್ಸು ಹತ್ತಿ ಮಂಗಳೂರಿನ ಆಸ್ಪತ್ರೆಗೆ ಹೋಗಿ, ವಿಕಿರಣ ಸೂಸುವ ಔಷಧಿಗಳನ್ನು ಸೀಸದ ಗೋಡೆಯ ಮರೆಯಲ್ಲಿ ಅಳೆದು ರೋಗಿಗಳಿಗೆ ಕೊಡಬೇಕು. ನಿಯಮ ಪಾಲಿಸಿದರೆ ಹೆದರುವಂಥದ್ದೇನಲ್ಲ. ಆದರೆ ಆ ನಿಯಮಗಳಲ್ಲೇ ಒಂದುಂಟು: ಬಸುರಿಯೆಂದು ತಿಳಿದ ಕೂಡಲೇ ಸುರಕ್ಷತಾ ಅಧಿಕಾರಿಗೆ ಹೇಳಬೇಕು. ಹೇಳಿದರೆ ಔಷಧಿಯ ಕೋಣೆಯಿಂದ ಆಚೆ ಕೂರಿಸುತ್ತಾರೆ. ಹೇಳದಿದ್ದರೆ ಅವರಿಗೇನು ಕನಸು ಬೀಳುತ್ತದೆಯೇ? ಮಗು ಉಳಿಯಬೇಕಾದರೆ ಬಾಯಿ ಮುಚ್ಚು ಎಂದಿತು ಮನೆ. ಮಗು ಉಳಿಯಬೇಕಾದರೆ ಬಾಯಿ ಬಿಡು ಎಂದಿತು ಕೆಲಸ. ಫೋನಿನಲ್ಲಿ ಶ್ರವಣನನ್ನು ಕೇಳಿದರೆ, ಅಮ್ಮ ಹೇಳಿದ ಹಾಗೆ ಮಾಡು, ಸ್ವಲ್ಪ ಜಾಗ್ರತೆಯಲ್ಲಿರು ಎಂದು ಇಟ್ಟುಬಿಟ್ಟ. ಆಹಾ, ಎಂಥ ಬುದ್ಧಿವಾದ! ನಿಖಿತಾ ಸೀಸದ ಮರೆಯಲ್ಲಿ ಇನ್ನಷ್ಟು ಹಿಂದೆ ಸರಿದು ನಿಂತು ಕೆಲಸ ಮಾಡಿದಳು. ಸರಿದು ಸರಿದು ಎಷ್ಟು ದೂರ ಹೋದಾಳು…

ಒಂದು ಮಧ್ಯಾಹ್ನ ಕಕ್ಕಿಂಜೆಯ ರುಖಿಯಮ್ಮ ಎಂಬ ಮುದುಕಿಗೆ ಕುತ್ತಿಗೆಯ ಗಡ್ಡೆಗೆಂದು ವಿಕಿರಣದ ಅಯೋಡಿನ್ ಕುಡಿಸಿ, ಒಂಟಿ ಕೋಣೆಯಲ್ಲಿ ಮಲಗಿಸಿದ್ದರು. ಸ್ವಲ್ಪ ಹೊತ್ತಿಗೆ ಆಕೆ ಎಲ್ಲವನ್ನೂ ವಾಂತಿ ಮಾಡಿಕೊಂಡರು. ಬಾಗಿಲ ಬಳಿ ಇದ್ದವಳು ನಿಖಿತಾ ಒಬ್ಬಳೇ. ನೆಲದಲ್ಲಿ ಹರಡಿದ್ದು ಬರೀ ವಾಂತಿಯಲ್ಲ, ಅದೇ ಔಷಧಿ. ಕೈಗವಸು, ಹೀರುವ ಹಾಳೆ ಎಲ್ಲ ಪಕ್ಕದಲ್ಲೇ ಇತ್ತು. ಬೇರೆ ದಿನವಾದರೆ ಓಡುತ್ತಿದ್ದಳು. ಅಂದು ಕಾಲು ಹೊಸ್ತಿಲು ದಾಟಲಿಲ್ಲ. ಒಳಗಿನಿಂದ ರುಖಿಯಮ್ಮ, ಮಗಳೇ, ಒಮ್ಮೆ ಬಾ ಎಂದು ಅಳುತ್ತಿದ್ದರು. ಈ ಕಡೆ ದೀಪದ ಆಣೆ, ಆ ಕಡೆ ಮುದುಕಿಯ ಅಳು, ನಡುವೆ ಇನ್ನೂ ಮುಖವೇ ಇಲ್ಲದ ಒಂದು ಕೂಸು!

"ಸರ್, ನಾನು ಒಳಗೆ ಹೋಗುವ ಹಾಗಿಲ್ಲ. ನಾನು ಬಸುರಿ," ಎಂದು ಕೂಗಿಬಿಟ್ಟಳು.

ಸುರಕ್ಷತಾ ಅಧಿಕಾರಿ ಶಿವಸುಬ್ರಹ್ಮಣ್ಯ ಓಡಿಬಂದರು. ಅವಳನ್ನು ದೂರ ಕಳಿಸಿ, ತಾವೇ ಗವಸು ತೊಟ್ಟು ಒಳಗೆ ಹೋಗಿ ಎಲ್ಲ ಶುಚಿ ಮಾಡಿದರು. ಆಮೇಲೆ ಚೆನ್ನಾಗಿಯೇ ಬೈದರು. ಹೇಳದಿದ್ದರೆ ನಾವು ಕಾಯುವುದು ಹೇಗೆ ಎಂದರು. ಮರುದಿನದಿಂದ ಅವಳಿಗೆ ಹೊರಗಿನ ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸ.

ಅಂದು ಸಂಜೆ ಅಡುಗೆಕೋಣೆಯಲ್ಲಿ ನಿಂತು ನಿಖಿತಾ ಅತ್ತೆಗೆ, ಆಣೆ ಮುರಿದೆ ಮಾಮಿ ಎಂದಳು. ವಾಂತಿಯ ಕಥೆ ಹೇಳಿದಳು. ಶಶಿಪ್ರಭಾ ಕೇಳಿದ್ದು ಒಂದೇ ಮಾತು.

"ಅಷ್ಟು ಕೆಟ್ಟದ್ದಾ ಅದು?"

"ನನ್ನ ಮೈಗೆ ಸೇರಿದರೆ ಮಗುವಿಗೂ ಸೇರ್ತದೆ ಮಾಮಿ."

ನಾಳೆಯಿಂದ ಹೊರಗಿನ ಕೌಂಟರಿನಲ್ಲಿ ಕೆಲಸ ಎಂಬ ಮುಂದಿನ ಮಾತನ್ನು ಕೇಳಲು ಅತ್ತೆ ನಿಲ್ಲಲಿಲ್ಲ. ಅಂದಿನಿಂದ ಮಾತು ನಿಂತಿತು. ಗಂಜಿ ಬಡಿಸುತ್ತಿದ್ದರು, ಬಿಸಿನೀರು ಕಾಯಿಸಿಡುತ್ತಿದ್ದರು, ಮುಖ ಮಾತ್ರ ಗೋಡೆಗೆ. ಬೈದಿದ್ದರೂ ಒಂದು ಜೊತೆ ಇರುತ್ತಿತ್ತು. ಇದೆಂಥ ಶಿಕ್ಷೆ… ಶ್ರವಣನೂ ಅಮ್ಮನಿಗೆ ಬೇಜಾರು ಮಾಡಿದೆಯಲ್ಲ ಎಂದ. ಹೊಟ್ಟೆಯ ಮೇಲೆ ಕೈಯಿಟ್ಟು, ನನಗೆ ನೀನು, ನಿನಗೆ ನಾನು, ಬೇರೆ ಯಾರೂ ಇಲ್ಲ ನೋಡು ಎಂದು ನಿಖಿತಾ ಬಿಕ್ಕಿದಳು. ಉತ್ತರ ಹೇಳುವಷ್ಟು ಆ ಕೂಸು ಬೆಳೆದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕೌಂಟರಿನಿಂದ ತಲೆಯೆತ್ತಿದರೆ, ಎದುರಿಗೆ ಅತ್ತೆ! ಒಬ್ಬರೇ ಬಸ್ಸು ಹಿಡಿದು ಬಂದಿದ್ದರು. ಸೊಸೆಯ ಕಡೆ ನೋಡದೆ ನೇರ ಶಿವಸುಬ್ರಹ್ಮಣ್ಯರ ಮುಂದೆ ಹೋಗಿ ನಿಂತರು.

"ಆ ವಿಷದ ಕೆಲಸ ಎಲ್ಲ ನನಗೆ ಕೊಡಿ ಸರ್. ಚೆಲ್ಲಿದ್ದು ನಾನು ಒರೆಸ್ತೇನೆ, ಸಂಬಳ ಬೇಡ. ನನಗೆ ಇನ್ನು ಆಗಲಿಕ್ಕೆ ಏನುಂಟು? ಅವಳನ್ನು ಅದರ ಹತ್ತಿರ ಬಿಡಬೇಡಿ. ನನ್ನ ಸೊಸೆ ಬಸುರಿ!"

ಕಾಯುತ್ತ ಕೂತಿದ್ದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರೆಲ್ಲ ತಿರುಗಿ ನೋಡಿದರು. ಶಶಿಪ್ರಭಾ ಸೆರಗು ಬಾಯಿಗೆ ಒತ್ತಿಕೊಂಡರು. ಐದು ತಿಂಗಳು ಇನ್ನೂ ತುಂಬಿರಲಿಲ್ಲ.

ಶಿವಸುಬ್ರಹ್ಮಣ್ಯ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿ, ಅಂದೇ ಅವಳನ್ನು ಅಲ್ಲಿಂದ ತೆಗೆದಿದ್ದೇವೆ, ಎದೆಯ ಮೇಲಿನದಲ್ಲದೆ ಕೂಸಿನ ಲೆಕ್ಕಕ್ಕೆಂದು ಹೊಟ್ಟೆಯ ಬಳಿ ಇನ್ನೊಂದು ಬ್ಯಾಡ್ಜ್ ಕೊಟ್ಟಿದ್ದೇವೆ ಎಂದು ತಿಳಿಸಿದರು. ಅದು ವಿಷ ತಡೆಯುತ್ತದೆಯೇ ಎಂದು ಅತ್ತೆ ಕೇಳಿದರು.

"ಇಲ್ಲಮ್ಮ. ಎಷ್ಟು ತಾಗಿತು ಅಂತ ನೋಡ್ತದೆ, ಅಷ್ಟೆ. ದೂರ ಇಡುವವರು ನಾವು. ಅವಳು ಹೇಳಿದ್ದಕ್ಕೆ ಇಡ್ಲಿಕ್ಕಾಯ್ತು."

ಸಂಜೆಯವರೆಗೆ ಶಶಿಪ್ರಭಾ ಕೌಂಟರಿನೆದುರು ಕೂತೇ ಇದ್ದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸೊಸೆಗೆ ಬಿಟ್ಟರು. ಗುರುಪುರ ದಾಟಿದ ಮೇಲೆ ಅತ್ತೆ ತಮ್ಮ ಒರಟು ಅಂಗೈಯನ್ನು ಅವಳ ಹೊಟ್ಟೆಯ ಮೇಲೆ ಮೆಲ್ಲನೆ ಇಟ್ಟರು.

"ಆಣೆಯ ದೋಷ ನನಗಿರಲಿ. ಊರಿಗೆಲ್ಲ ಸಾರಿದವಳು ನಾನೇ ಅಲ್ಲವಾ? ದೈವದ ಹತ್ತಿರ ನಾನು ಮಾತಾಡ್ತೇನೆ, ನೀನು ಅಳಬೇಡ ಮಗಾ."

ನಿಖಿತಾ ಅತ್ತಳು. ಎಷ್ಟೋ ದಿನಗಳಿಂದ ಒಬ್ಬಳೇ ಅತ್ತದ್ದು ಸಾಲದೆಂಬಂತೆ, ಅತ್ತೆಯ ಹೆಗಲಿಗೆ ತಲೆಯಿಟ್ಟು ಮೂಡುಬಿದಿರೆ ಬರುವವರೆಗೂ ಅತ್ತಳು.