ಷರಾ ಕಾಲಮಿನ ಹಕ್ಕಿಗಳು

“ನನ್ನ ಹಕ್ಕಿಗಳೆಲ್ಲ ಎಲ್ಲಿ ಹೋದ್ವು, ಮೇಡಂ?”

ಅವನು ಮೇಜಿನ ಮುಂದೆ ನಿಂತು ಕೇಳಿದಾಗ ಅವಳ ಬೆರಳುಗಳು ಕೀಬೋರ್ಡಿನ ಮೇಲೇ ನಿಂತುಬಿಟ್ಟವು. ಅವನ ಅಂಗಿಯ ತೋಳಿಗೆ ಕೆರೆಯ ಪಾಚಿ ಅಂಟಿತ್ತು. ನೋಡಬಾರದು ಎಂದುಕೊಂಡೇ ನೋಡಿದಳು.

ಕೆರೆಗಳ ಅಧ್ಯಯನ ನಡೆಸುವ ಆ ಪುಟ್ಟ ಕಚೇರಿಯಲ್ಲಿ ಅವನ ಕೆಲಸ ಹಕ್ಕಿ ಎಣಿಸುವುದು; ಎಲ್ಲರ ಬಾಯಲ್ಲೂ ಅವನು ‘ಹಕ್ಕಿ ಸರ್’. ಅವಳದು ಸರ್ವರ್ ನೋಡಿಕೊಳ್ಳುವ ಕೆಲಸ. ಯಾರು ಪಾಸ್‌ವರ್ಡ್ ಕೇಳಿದರೂ ಹತ್ತು ಪ್ರಶ್ನೆ ಹಾಕದೆ ಕೊಡುತ್ತಿರಲಿಲ್ಲವಾದ್ದರಿಂದ ಅವಳು ‘ಬೀಗದಮ್ಮ’.

“ಯಾವ ಹಕ್ಕಿ?”

“ನನ್ನ ಡೇಟಾಬೇಸ್. ಬೆಳಿಗ್ಗೆಯಿಂದ ಪುಟ ತೆರೀತಾನೇ ಇಲ್ಲ. ನಿಮ್ಮ ಸರ್ವರಲ್ಲೇ ಇತ್ತಲ್ಲ?”

“ನನ್ನ ಸರ್ವರಲ್ಲಾ? ನಿಮ್ಮ ಕಂಪ್ಯೂಟರಲ್ಲಿದೆ ಅನ್ಕೊಂಡಿದ್ದೆ. ಯಾರು ಹಾಕಿದ್ದು?”

“ನಾನೇ. ನೀವು ಯಾವಾಗ್ಲೂ ಬಿಜಿ. ಹಿಂದೆ ನೀವೇ ಕೊಟ್ಟಿದ್ದ ಪಾಸ್‌ವರ್ಡಲ್ಲೇ ಒಳಗೆ ಹೋದೆ. ಎಲ್ಲ ಜೋಡಿಸಿಟ್ಟಿರೋ ಸಾಫ್ಟ್‌ವೇರ್ ಕಟ್ಟು ಸಿಗುತ್ತಲ್ಲ, ರೆಡಿ ಇಮೇಜ್, ಅದೊಂದನ್ನ ಇಳಿಸ್ಕೊಂಡೆ, ಒಂದು ಸಾಲು ಕಮಾಂಡ್ ಹೊಡೆದೆ, ಓಡೇಬಿಡ್ತು.” ಮೊದಲ ಸಲ ಅಡುಗೆ ಮಾಡಿ ಉಪ್ಪು ಸರಿಹೋದವನ ಹೆಮ್ಮೆ ಆ ದನಿಯಲ್ಲಿತ್ತು.

ಅವಳಿಗೆ ತಾನು ಬೆಳಿಗ್ಗೆ ಮಾಡಿದ್ದು ನೆನಪಾಯಿತು. ಕರೆಂಟ್ ಹೋಗಿ ಸರ್ವರ್ ಆರಿ ಮತ್ತೆ ಹತ್ತಿದ ಮೇಲೆ, ಇಂಥ ಇಮೇಜುಗಳಿಂದ ಓಡುವ ಕೆಲವು ಕಂಟೇನರ್‌ಗಳು ಏಳದೆ ಬಿದ್ದಿದ್ದವು. ಯಾರೋ ಪ್ರಯೋಗಕ್ಕೆ ಹಾಕಿ ಮರೆತವು ಎಂದುಕೊಂಡು ಅವನ್ನೆಲ್ಲ ಗುಡಿಸಿ ಹಾಕಿದ್ದಳು.

“ಡೇಟಾಗೆ ಹೊರಗಡೆ ಬೇರೆ ಜಾಗ ಕೊಟ್ಟಿದ್ರಾ? ವಾಲ್ಯೂಮ್?”

“ಅದೇನದು?”

ಕಂಟೇನರ್ ಎಂದರೆ ಡೇರೆಯಿದ್ದಂತೆ. ಸಾಮಾನನ್ನು ಬೇರೆ ಕಡೆ ಇಡದಿದ್ದರೆ ಡೇರೆ ಕಿತ್ತಾಗ ಅದೂ ಹೋದಂತೆಯೇ. ಕರೆಂಟಿನ ಮೇಲೆ ತಪ್ಪು ಹೊರಿಸಿದ್ದರೆ ಅವನು ನಂಬುತ್ತಿದ್ದ. ಆದರೆ ಆ ಮುಖಕ್ಕೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಅದನ್ನ ಅಳಿಸಿದ್ದು ನಾನೇ.”

ಅವನು ಕುರ್ಚಿಯಲ್ಲಿ ಕುಸಿದ. ಕೆರೆಯ ದಡದಲ್ಲಿ ನಿಂತು ಫೋನಿನಿಂದಲೇ ತುಂಬುತ್ತಿದ್ದ ಇಡೀ ವರ್ಷದ ಎಣಿಕೆ ಅದು.

“ಬೀಗದಮ್ಮನೇ ಬಾಗಿಲು ಮುರಿದ್ರೆ ಇನ್ನು ದೇವರೇ ಗತಿ!” ಪಕ್ಕದ ಮೇಜಿನಿಂದ ಲೆಕ್ಕಪತ್ರದ ಅಕ್ಕ ನಕ್ಕಳು.

“ಸುಮ್ನಿರಕ್ಕ, ಯೋಚನೆ ಮಾಡ್ತಿದ್ದೀನಿ.”

ಆಗ ಹೊಳೆಯಿತು. ಇಂಥ ಮರೆಗುಳಿಗಳು ಇದ್ದೇ ಇರುತ್ತಾರೆಂದು ಆ ಇಮೇಜ್ ಮಾಡಿದವರಿಗೆ ಗೊತ್ತಿತ್ತು. ಜಾಗ ಕೊಡದಿದ್ದರೆ ಅದೇ ಒಂದು ಹೆಸರಿಲ್ಲದ ವಾಲ್ಯೂಮಿನಲ್ಲಿ ಡೇಟಾ ಇಟ್ಟುಕೊಳ್ಳುತ್ತದೆ. ಅವಳು ಅಳಿಸಿದ್ದು ಕಂಟೇನರ್ ಮಾತ್ರ; ಆ ವಾಲ್ಯೂಮ್ ಇನ್ನೂ ಅಲ್ಲೇ ಇರಬೇಕು.

“ಹತ್ತಿರ ಬನ್ನಿ. ಒಂದೊಂದಾಗಿ ತೆಗೆದು ನೋಡೋಣ.”

ಪರದೆಯ ತುಂಬ ಉದ್ದುದ್ದ ಅಂಕಿ ಅಕ್ಷರಗಳ ಸಾಲು, ಯಾವುದು ಯಾರದೋ. ಅದೇ ಇಮೇಜಿನಿಂದ ಹೊಸ ಕಂಟೇನರ್ ಎಬ್ಬಿಸಿ ಅದಕ್ಕೆ ಆ ಹೆಸರಿಲ್ಲದ ವಾಲ್ಯೂಮುಗಳಲ್ಲಿ ಒಂದನ್ನು ಜೋಡಿಸಿದಳು. ಖಾಲಿ. ಮುಂದಿನದರಲ್ಲಿ ಕಚೇರಿಯ ಕುರ್ಚಿ ಮೇಜುಗಳ ಪಟ್ಟಿ. ಅವನ ಉಸಿರು ಭುಜದ ಬಳಿ ಬೆಚ್ಚಗಿತ್ತು. ಅವಳು ಕಮಾಂಡನ್ನು ಎರಡು ಸಲ ತಪ್ಪಾಗಿ ಒತ್ತಿದಳು.

ಆಮೇಲಿನದರಲ್ಲಿ ಬಾತು, ಕೊಕ್ಕರೆ, ಮಿಂಚುಳ್ಳಿ!

“ಇದು ನನ್ನ ಟ್ರಯಲ್ ಇರ್ಬೇಕು,” ಅವನ ದನಿ ಇಳಿಯಿತು. “ಮೊದಲು ಸುಮ್ನೆ ಸುಳ್ಳು ಅಂಕಿ ತುಂಬಿ ನೋಡಿದ್ದೆ.”

“ಷರಾ ಕಾಲಂ ನೋಡಿದ್ರೆ ಗೊತ್ತಾಗುತ್ತೆ. ನಿಜವಾದ ಎಣಿಕೆ ಆದ್ರೆ ಕುಂಟು ಬಾತು ಇರ್ಬೇಕು. ‘ಇವತ್ತೂ ಎಲ್ಲರಿಗಿಂತ ಕೊನೆಗೆ ಬಂತು, ಆದರೂ ಗತ್ತಿಗೇನೂ ಕಡಿಮೆಯಿಲ್ಲ’ ಅಂತ.”

ಹೇಳುತ್ತಲೇ ಹುಡುಕಿದಳು. ಅಕ್ಷರಕ್ಕಕ್ಷರ ಹಾಗೇ ಇತ್ತು.

ಎಣಿಕೆಯೆಲ್ಲ ಸಿಕ್ಕ ಖುಷಿಯಲ್ಲಿ ತಿರುಗಿದವಳಿಗೆ ಅವನ ಕಣ್ಣು ಪರದೆಯ ಮೇಲಿಲ್ಲ ಎಂಬುದು ತಡವಾಗಿ ಕಂಡಿತು.

“ನಿಮಗೆ ಹೇಗೆ ಗೊತ್ತು ಅದು?”

“ಯಾವತ್ತೋ... ಕಣ್ಣಿಗೆ ಬಿದ್ದಿತ್ತು.”

“ಬಾಯಿಪಾಠ ಆಗೋ ಹಾಗೆ ಬಿದ್ದಿತ್ತಾ?”

ಅವಳ ಕಿವಿ ಕೆಂಪಾಯಿತು. “ದಿನಾ ಓದ್ತೀನಿ. ಮನೆಗೆ ಹೊರಡೋ ಮುಂಚೆ.”

“ರಿಪೋರ್ಟಿಗೆ ಎಣಿಕೆ ಸಾಕು ಮೇಡಂ. ಷರಾ ಯಾರೂ ಕೇಳಲ್ಲ.” ಅವನು ತೋಳಿನ ಪಾಚಿ ಕೆರೆಯುತ್ತ ಮೆಲ್ಲಗೆ ಹೇಳಿದ. “ಒಂದಿನ ನೀವು ಆ ಪುಟ ತೆಗೆದು ಒಬ್ಬರೇ ನಗ್ತಾ ಇದ್ರಿ. ಅದನ್ನ ನೋಡಿದ ಮೇಲೆ ಒಂದಿನಾನೂ ಷರಾ ಖಾಲಿ ಬಿಟ್ಟಿಲ್ಲ.”

ಎಲ್ಲರನ್ನೂ ಗಮನಿಸುತ್ತಿದ್ದ ಅವಳಿಗೆ, ತನ್ನನ್ನೂ ಯಾರಾದರೂ ಗಮನಿಸಬಹುದೆಂಬುದು ತೋಚಿಯೇ ಇರಲಿಲ್ಲ.

“ಸಿಕ್ತೇನ್ರೋ?” ಅಕ್ಕ ಕೂಗಿದಳು.

ಅವಳು ಥಟ್ಟನೆ ಕೀಬೋರ್ಡಿನ ಕಡೆ ತಿರುಗಿದಳು.

“ಮೊದಲು ಬ್ಯಾಕಪ್ ತೆಗೀತೀನಿ,” ಎಂದಳು ಅವಳು, ಪರದೆಗೇ ಹೇಳುವವಳಂತೆ. “ಮಾತು ಆಮೇಲೆ.”

“ಆಮೇಲೆ ಅಂದ್ರೆ?”

“ನಾಳೆ ಬೆಳಿಗ್ಗೆ, ಕೆರೆ ಹತ್ರ. ಇನ್ನು ಓದಿದ್ದು ಸಾಕು. ನಿಮ್ಮ ಬಾಯಿಂದಾನೇ ಕೇಳ್ತೀನಿ.”

“ಸೂರ್ಯ ಹುಟ್ಟೋ ಮುಂಚೆ ಬರ್ಬೇಕಾಗುತ್ತೆ. ತುಂಬ ಚಳಿ.”

“ಇರ್ಲಿ,” ಎಂದು ಅವಳು ಈ ಸಲ ಅವನನ್ನೇ ನೋಡಿದಳು.