ಬ್ಯಾಂಜೋಗೆ ಮಂಡಿ ನೋವು

"ಇನ್ನೂ ಒಳಕ್ಕೆ ತಳ್ಳೋ! ಹೊರಗಡೆ ಕಾಣ್ತೈತೆ."

"ತಳ್ತಾನೇ ಇದೀನಿ ಕಣೇ. ಈ ಕಂಬಿ ಅಡ್ಡ ಬತ್ತೈತೆ!"

ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಹರ್ಷಿತಾ ಮತ್ತು ಚನ್ನೇಶ್ ಕುಕ್ಕರುಗಾಲಿನಲ್ಲಿ ಕೂತಿದ್ದರು. ಇಬ್ಬರ ನಡುವೆ ಹರ್ಷಿತಾಳ ಬ್ಯಾಂಜೋ ಬೋರಲಾಗಿ ಮಲಗಿತ್ತು. ಮುಂದಿನಿಂದ ನೋಡಿದರೆ ಅದು ಉದ್ದ ಕತ್ತಿನ ತಮಟೆಯಂತೆ ಕಾಣುತ್ತಿತ್ತು. ಹಿಂದಿನಿಂದ ನೋಡಿದರೆ ಮುಚ್ಚಳ ಕಳೆದುಹೋದ ಡಬ್ಬಿ. ಒಳಗೆ ಅಡ್ಡಲಾಗಿ ಒಂದು ಕಂಬಿ, ಉಳಿದದ್ದೆಲ್ಲ ಖಾಲಿ.

ಆ ಖಾಲಿ ಹೊಟ್ಟೆಯೊಳಗೆ ಚನ್ನೇಶ್ ತನ್ನ ಅಣ್ಣನ ಫೋನನ್ನು ತುರುಕುತ್ತಿದ್ದ. ಹರ್ಷಿತಾ ಒಂದು ಜಡೆಯ ಟೇಪು ಬಿಚ್ಚಿ, ಫೋನನ್ನು ಕಂಬಿಗೆ ಬಿಗಿಯಾಗಿ ಕಟ್ಟಿದಳು.

"ನಿಮ್ಮಣ್ಣನಿಗೆ ಏನಂತ ಹೇಳ್ದೆ?"

"ಪ್ರಾಜೆಕ್ಟ್ ವರ್ಕ್ ಐತೆ ಅಂದೆ."

"ಇದೂ ಒಂಥರಾ ಪ್ರಾಜೆಕ್ಟೇ ಬಿಡು," ಎಂದಳು ಹರ್ಷಿತಾ.

ಇಬ್ಬರೂ ಬಾಯಿ ಮುಚ್ಚಿಕೊಂಡು ಕಿಸಕಿಸ ನಕ್ಕರು. ಒಳಗೆ ಹಾಲ್‌ನಲ್ಲಿ ಮೈಕ್ ಟೆಸ್ಟಿಂಗ್ ಶುರುವಾಗಿತ್ತು.

ಹಳೇಬೀಡಿನಲ್ಲಿ ಇಂಥ ಬ್ಯಾಂಜೋ ಇನ್ನೊಂದು ಇರಲಿಲ್ಲ. ಇದು ಬಂದದ್ದೂ ತಪ್ಪಿನಿಂದಲೇ. ಹರ್ಷಿತಾಳ ಸ್ವಾಮಿ ಮಾವ ಅರಸೀಕೆರೆಯಲ್ಲಿ ಮದುವೆಮನೆ ಆರ್ಕೆಸ್ಟ್ರಾದಲ್ಲಿ ಬ್ಯಾಂಜೋ ನುಡಿಸುತ್ತಾನೆ. ಅವನದು ಸಾಲಾಗಿ ಗುಂಡಿಗಳಿರುವ, ಮುಂದಿಟ್ಟುಕೊಂಡು ನುಡಿಸುವ ಬ್ಯಾಂಜೋ. ಅದು ಹಳೆಯದಾಯಿತೆಂದು ಬೆಂಗಳೂರಿಗೆ ಹೋಗುತ್ತಿದ್ದ ಗೆಳೆಯನಿಗೆ, "ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಬ್ಯಾಂಜೋ ತಗೊಂಬಾರಯ್ಯ" ಎಂದು ಹೇಳಿ ಕಳಿಸಿದ್ದ. ಗೆಳೆಯ ತಂದದ್ದು ಇದನ್ನು.

"ಇದ್ರಲ್ಲಿ ಗುಂಡಿನೇ ಇಲ್ವಲ್ಲೋ!" ಎಂದು ಮಾವ ತಲೆ ಮೇಲೆ ಕೈಹೊತ್ತು ಕೂತನಂತೆ. ಕೊನೆಗೆ ಅದನ್ನು ಹಳೇಬೀಡು ಬಸ್ಸಿಗೆ ಹತ್ತಿಸಿಕೊಂಡು ಬಂದು ಸೊಸೆಯ ತೊಡೆಯ ಮೇಲಿಟ್ಟ.

"ಮಾವ, ಇದೊಂದು ತಂತಿ ಯಾಕೆ ಗಿಡ್ಡ?" ಹರ್ಷಿತಾ ಕೇಳಿದ್ದಳು. ನಾಲ್ಕು ತಂತಿಗಳು ಕತ್ತಿನ ತುದಿಯವರೆಗೂ ಹೋಗಿದ್ದವು. ಐದನೆಯದು ಮಾತ್ರ ಅರ್ಧದಲ್ಲೇ ಒಂದು ಬಿರಡೆಗೆ ಸುತ್ತಿಕೊಂಡು ನಿಂತಿತ್ತು.

ಮಾವ ಬಗ್ಗಿ ನೋಡಿದ. "ಅರಸೀಕೆರೆಗೆ ಟಿಕೆಟ್ ತಗೊಂಡು ಅರ್ಧದಾರಿ ಜಾವಗಲ್‌ನಲ್ಲೇ ಇಳ್ಕೊಂಡಂಗೈತೆ ಕಣವ್ವ. ಯಾಕೆ ಅಂತ ನಂಗೂ ಗೊತ್ತಿಲ್ಲ. ನೀನೇ ಕಲ್ತು ನಂಗೆ ಹೇಳು."

ಹೋಗುವ ಮೊದಲು ಫೋನಿನ ಆ್ಯಪ್ ನೋಡಿಕೊಂಡು ತಂತಿಗಳನ್ನು ಶ್ರುತಿ ಮಾಡಿಕೊಟ್ಟ. ಅಷ್ಟೇ.

ಆಮೇಲಿನದೆಲ್ಲ ಹರ್ಷಿತಾಳ ಪಾಡು. ಅಮ್ಮನ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕೂತಳು. ಗಡ್ಡದವನೊಬ್ಬ ಇಂಗ್ಲಿಷಿನಲ್ಲಿ ಬಡಬಡ ಮಾತಾಡಿದ. ಅವಳಿಗೆ ತಿಳಿದದ್ದು ಮೂರೇ ಪದ. ಥಂಬ್, ಇಂಡೆಕ್ಸ್, ಮಿಡಲ್. ಹೆಬ್ಬೆರಳು ಗಿಡ್ಡ ತಂತಿಗೆ, ಉಳಿದೆರಡು ಬೆರಳು ಕೆಳಗಿನ ತಂತಿಗಳಿಗೆ. ಅವನ ಬೆರಳುಗಳು ಮಳೆ ಬಿದ್ದ ಹಾಗೆ ಓಡುತ್ತಿದ್ದವು. ಇವಳ ಬೆರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

ಎಡಗೈಯಿಂದ ತಂತಿ ಒತ್ತಿದರೆ ಬೆರಳ ತುದಿ ಉರಿಯುತ್ತಿತ್ತು. ಸರಿಯಾಗಿ ಒತ್ತದಿದ್ದರೆ ತಂತಿ 'ಜರ್ರ್' ಎನ್ನುತ್ತಿತ್ತು. ಬ್ಯಾಂಜೋ ಜೊತೆಗೆ ಬಲಗೈ ಬೆರಳಿಗೆ ಹಾಕಿಕೊಳ್ಳುವ ತಗಡಿನ ಉಗುರುಗಳೂ ಬಂದಿದ್ದವು. ಅವು ಒಂದು ದಿನ ಕಾಣೆಯಾದವು. ಹುಡುಕಿ ಹುಡುಕಿ ಸಾಕಾಗಿ ಅಡುಗೆಮನೆಗೆ ಹೋದರೆ, ಅಜ್ಜಿ ಮುನಿಯಮ್ಮ ಅವನ್ನು ತನ್ನ ಬೆರಳಿಗೆ ಹಾಕಿಕೊಂಡು ಶುಂಠಿ ಸಿಪ್ಪೆ ಕೆರೆಯುತ್ತಿದ್ದಳು.

"ಅಜ್ಜೀ! ಅದು ಬ್ಯಾಂಜೋದು!"

"ಎಷ್ಟು ಚೆನ್ನಾಗೈತೆ ಕಣೇ ಇದು. ಇನ್ನೊಂದು ಜೊತೆ ತರಿಸ್ಕೊಡು," ಎಂದಳು ಅಜ್ಜಿ. "ಆಮೇಲೆ ಇನ್ನೊಂದು ಮಾತು. ಹಾಲು ಕರೆಯೋ ಹೊತ್ನಲ್ಲಿ ನೀನು ಅದನ್ನ ಬಾರಿಸ್ಬೇಡ. ಹಸ ಬೆದರಿ ಒದೀತೈತೆ."

ಹಾಗಾಗಿ ಹರ್ಷಿತಾ ಸಂಜೆ ಹೊತ್ತು ಕೆರೆ ಏರಿಯ ಮೇಲೆ ಕೂತು ಕಲಿಯತೊಡಗಿದಳು. ಚನ್ನೇಶ್ ಜೊತೆಗಿರುತ್ತಿದ್ದ. ಕಡಲೆಕಾಯಿ ತಿನ್ನುವುದು ಅವನ ಕೆಲಸ.

ಒಂದು ಸಂಜೆ ಅದೇ ದಾರಿಯಲ್ಲಿ ಅವರ ಕ್ಲಾಸಿನ ಮಧುಕುಮಾರ್ ಸೈಕಲ್‌ನಲ್ಲಿ ಬಂದ. ಬ್ರೇಕ್ ಹಾಕಿ ನಿಂತು, ಒಂದು ಕಾಲೂರಿ, ಸ್ವಲ್ಪ ಹೊತ್ತು ಕೇಳಿದ.

"ಇದೇನೇ, ಬಾಣಲೆಗೆ ಹಿಡಿ ಹಾಕ್ಸಿದೀಯ?"

ಚನ್ನೇಶ್‌ಗೂ ನಗು ಬಂತು. ಹರ್ಷಿತಾಳ ಮೈಯೆಲ್ಲ ಉರಿಯಿತು.

"ಶನಿವಾರ ಮಕ್ಕಳ ಕಾರ್ಯಕ್ರಮ ಐತಲ್ಲ, ಅವತ್ತು ನೋಡ್ತಿರು. ಪೂರ್ತಿ ಒಂದು ಟ್ಯೂನ್ ಬಾರಿಸ್ತೀನಿ. ಫಾಸ್ಟಾಗಿ!"

"ನೀನಾ?"

"ನಾನೇ!"

ಮಾತು ಬಾಯಿಂದ ಹೊರಬಿದ್ದಾಗಿತ್ತು. ಮಾರನೇ ದಿನ ಕ್ಲಾಸ್ ಟೀಚರ್ ಪ್ರತಿಮಾ ಮಿಸ್ ಕಾರ್ಯಕ್ರಮದ ಪಟ್ಟಿಗೆ ಅವಳ ಹೆಸರು ಸೇರಿಸಿ ಬೋರ್ಡಿನ ಮೇಲೆ ಬರೆದದ್ದೂ ಆಯಿತು. ಆಗ ಫೋನಿನ ಉಪಾಯ ಹೊಳೆದದ್ದು ಹರ್ಷಿತಾಳಿಗೆ. ಒಪ್ಪಿಕೊಂಡು ಕುಣಿದವನು ಚನ್ನೇಶ್.

"ಮುಂದಿನ ಕಾರ್ಯಕ್ರಮ, ಐದನೇ ತರಗತಿಯ ಹರ್ಷಿತಾಳಿಂದ ಬ್ಯಾಂಜೋ ವಾದನ!" ಎಂದು ಶನಿವಾರ ಹಾಲ್‌ನ ಮೈಕ್ ಕೂಗಿಯೇಬಿಟ್ಟಿತು.

ಹರ್ಷಿತಾ ವೇದಿಕೆಯ ಕುರ್ಚಿಯ ಮೇಲೆ ಕೂತಳು. ಒಂದು ಜಡೆಗೆ ಟೇಪು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಪಕ್ಕದಲ್ಲಿ ಚನ್ನೇಶ್ ಮೈಕ್ ಹಿಡಿದು ನಿಂತ. ಮುಂದೆ ಜಮಖಾನದ ಮೇಲೆ ಒಂದನೇ ಕ್ಲಾಸಿನ ಪುಟಾಣಿಗಳು, ಹಿಂದೆ ದೊಡ್ಡ ಮಕ್ಕಳು. ಮಧುಕುಮಾರ್ ಕಿಟಕಿಯ ಹತ್ತಿರ ಕೈಕಟ್ಟಿ ಕೂತಿದ್ದ.

ಚನ್ನೇಶ್ ಮೈಕ್ ಸರಿಮಾಡುವ ನೆಪದಲ್ಲಿ ಬ್ಯಾಂಜೋ ಹಿಂದೆ ಕೈಹಾಕಿ ಫೋನಿನಲ್ಲಿದ್ದ ಬ್ಯಾಂಜೋ ವಿಡಿಯೋ ಒತ್ತಿದ.

ಅಬ್ಬಾ! ಹಾಲ್ ತುಂಬ ತಂತಿಗಳು ಕುಣಿದವು. ಹರ್ಷಿತಾ ತಂತಿಗೆ ತಾಗದ ಹಾಗೆ ಗಾಳಿಯಲ್ಲೇ ಬೆರಳಾಡಿಸಿದಳು. ತಲೆ ಅಲ್ಲಾಡಿಸಿದಳು. ಕಣ್ಣು ಮುಚ್ಚಿದಳು. ಪುಟಾಣಿಗಳು ಬಾಯಿ ತೆರೆದು ನೋಡಿದರು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಒಂದು ಕಣ್ಣು ಅರ್ಧ ತೆರೆದು ನೋಡಿದರೆ ಮಧುಕುಮಾರ್ ಕಟ್ಟಿದ್ದ ಕೈ ಬಿಚ್ಚಿ ಎದ್ದೇ ನಿಂತಿದ್ದ. ಹರ್ಷಿತಾ ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದಳು.

ಆಗ ಬ್ಯಾಂಜೋ ಮಾತಾಡಿತು.

"ಮಂಡಿ ನೋವೇ? ಸೊಂಟ ನೋವೇ? ಕೂತರೆ ಏಳಲಾಗುತ್ತಿಲ್ಲವೇ? ಚಿಂತೆ ಬಿಡಿ!"

ಹರ್ಷಿತಾಳ ಬೆರಳುಗಳು ಇನ್ನೂ ಗಾಳಿಯಲ್ಲಿ ಓಡುತ್ತಲೇ ಇದ್ದವು. ಚನ್ನೇಶ್ ಗಾಬರಿಯಲ್ಲಿ ಮೈಕನ್ನು ದೂರ ಸರಿಸುವ ಬದಲು ಇನ್ನಷ್ಟು ಹತ್ತಿರ ಹಿಡಿದ.

"ಒಂದೇ ವಾರದಲ್ಲಿ ಪರಿಹಾರ! ಈಗಲೇ ಕರೆ ಮಾಡಿ!"

ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅಕ್ಕನ ಬ್ಯಾಂಜೋಗೆ ಮಂಡಿ ನೋವಂತೆ!" ಎಂದಳು.

ನಗು ಅಂದರೆ ನಗು! ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಮಧುಕುಮಾರ್ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಬಿದ್ದ.

ಪ್ರತಿಮಾ ಮಿಸ್ ವೇದಿಕೆಗೆ ಬಂದರು. ಬ್ಯಾಂಜೋ ತಿರುಗಿಸಿದರು. ಟೇಪು ಬಿಚ್ಚಿ ಫೋನು ತೆಗೆದು ಆರಿಸಿದರು. ಅವರ ತುಟಿ ಬಿಗಿಯಾಗಿತ್ತು. ಕೋಪಕ್ಕೋ, ನಗು ತಡೆಯುವುದಕ್ಕೋ ಗೊತ್ತಾಗಲಿಲ್ಲ.

"ಯಾರದು ಫೋನು?"

"ನಮ್ಮಣ್ಣಂದು ಮಿಸ್," ಎಂದ ಚನ್ನೇಶ್, ಮೈಕಿನಲ್ಲೇ. ಅದೂ ಎಲ್ಲರಿಗೂ ಕೇಳಿಸಿತು.

"ಸೋಮವಾರ ಅಣ್ಣನ್ನ ಕರ್ಕೊಂಡು ಬಾ, ಅವರ ಕೈಗೇ ಕೊಡ್ತೀನಿ." ಮಿಸ್ ಹರ್ಷಿತಾಳ ಕಡೆ ತಿರುಗಿದರು. "ನಿನಗೆ ನಿಜವಾಗಿ ಎಷ್ಟು ಬರುತ್ತೆ?"

ಹರ್ಷಿತಾ ನೆಲ ನೋಡಿದಳು. ಎದ್ದು ಓಡಿಬಿಡೋಣ ಅನ್ನಿಸಿತು. "ಸ್ವಲ್ಪಾನೇ ಮಿಸ್."

"ಹಾಗಾದ್ರೆ ಸ್ವಲ್ಪಾನೇ ನುಡಿಸು."

"ಇಲ್ಲಾ ಮಿಸ್, ಎಲ್ರೂ ನಗ್ತಾರೆ."

"ಆಗಲೇ ನಕ್ಕಾಯ್ತಲ್ಲ," ಎಂದು ಮಿಸ್ ಕೆಳಗಿಳಿದು ಹೋಗಿ ಕೂತರು.

ಹರ್ಷಿತಾ ತಗಡಿನ ಉಗುರು ಸರಿಮಾಡಿಕೊಂಡಳು. ಮೆಲ್ಲಗೆ ಗಿಡ್ಡ ತಂತಿ ಮೀಟಿದಳು. ಟಿಣ್. ತೋರುಬೆರಳು, ಟಣ್. ನಡುಬೆರಳು, ಟಿಂಗ್. ಮತ್ತೆ ಹೆಬ್ಬೆರಳು. ಎತ್ತಿನಗಾಡಿ ಏರು ಹತ್ತುವ ಹಾಗೆ ಬಲು ನಿಧಾನ. ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. ಟಿಣ್, ಟಣ್, ಟಿಂಗ್. ಬೇರೆ ಬೇರೆ ತಂತಿ ಮೀಟುತ್ತಿದ್ದರೂ ಗಿಡ್ಡ ತಂತಿಯ ಸದ್ದು ಮಾತ್ರ ಒಂದೇ ಆಗಿ ಮತ್ತೆ ಮತ್ತೆ ಬರುತ್ತಿತ್ತು. ಉಳಿದ ಸದ್ದುಗಳು ಅದರ ಸುತ್ತಲೇ ಓಡಾಡುತ್ತಿದ್ದವು.

ಅರ್ಧದಲ್ಲಿ ಬೆರಳು ಜಾರಿತು. 'ಜರ್ರ್.'

ಹರ್ಷಿತಾ ಗಕ್ಕನೆ ನಿಲ್ಲಿಸಿ ತಲೆಯೆತ್ತಿದಳು. ಯಾರೂ ನಗುತ್ತಿರಲಿಲ್ಲ. ಯಾರೂ ಬೆರಗಾಗಿಯೂ ಇರಲಿಲ್ಲ. ಪುಟಾಣಿಗಳು ಕತ್ತು ಮುಂದೆ ಚಾಚಿ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದರು. ಮುಂದಿನ ಸದ್ದಿಗೆ ಕಾಯುತ್ತಿದ್ದರು. ಫೋನಿನ ಹಾಡಿಗೆ ಯಾರೂ ಹೀಗೆ ಕಾದಿರಲಿಲ್ಲ.

ಅವಳು ಮೊದಲಿನಿಂದ ಶುರುಮಾಡಿ ಕೊನೆ ಮುಟ್ಟಿಸಿದಳು.

"ಮುಗೀತಾ ಅಕ್ಕಾ?" ಕೇಳಿದಳು ಅದೇ ಪುಟ್ಟ ಹುಡುಗಿ.

"ಹೂಂ. ಇಷ್ಟೇ ಬರೋದು."

ಎಲ್ಲರೂ ನಕ್ಕರು. ಈ ಸಲ ಹರ್ಷಿತಾಳಿಗೂ ನಗು ಬಂತು. ಚಪ್ಪಾಳೆ ದೊಡ್ಡದೇನೂ ಬೀಳಲಿಲ್ಲ, ಆದರೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಹರ್ಷಿತಾ ಮತ್ತು ಚನ್ನೇಶ್ ಜಗಲಿಯ ಮೇಲೆ ಕೂತಿದ್ದರು. ಅಣ್ಣನಿಗೆ ಏನು ಹೇಳುವುದು ಎಂದು ಚನ್ನೇಶ್ ತಲೆ ಕೆರೆದುಕೊಳ್ಳುತ್ತಿದ್ದ. ಮಧುಕುಮಾರ್ ಒಮ್ಮೆ ಅವರ ಮುಂದೆ ಹಾದುಹೋದ. ತಿರುಗಿ ಬಂದ. ಮತ್ತೆ ಹೋದ. ಕೊನೆಗೆ ಕಂಬಕ್ಕೆ ಒರಗಿ ನಿಂತ.

"ಏಯ್, ಒಂದ್ಸಲ ಕೊಡೇ. ನೋಡಿ ಕೊಡ್ತೀನಿ."

ಹೇಳಲು ಎಷ್ಟೋ ಮಾತುಗಳು ಹರ್ಷಿತಾಳ ನಾಲಗೆಯ ತುದಿಗೆ ಬಂದವು. ಒಂದಕ್ಕಿಂತ ಒಂದು ಖಾರ. ಆದರೂ ಬ್ಯಾಂಜೋ ಕೊಟ್ಟಳು.

ಮಧುಕುಮಾರ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಾಲಗೆ ಕಚ್ಚಿ, ಹೆಬ್ಬೆರಳಿನಿಂದ ತಂತಿ ಎಳೆದ. 'ಡಬ್' ಅಂದಿತು. ಇನ್ನೊಮ್ಮೆ ಎಳೆದ. 'ಜರ್ರ್ರ್.'

ಚನ್ನೇಶ್‌ನ ಕೆನ್ನೆ ಉಬ್ಬಿತು. ಇನ್ನೇನು ನಗು ಸಿಡಿಯಬೇಕು. ಅವನು ಹರ್ಷಿತಾಳ ಮುಖ ನೋಡಿದ, 'ಶುರು ಮಾಡೋಣವಾ?' ಎನ್ನುವ ಹಾಗೆ.

ಮಧುಕುಮಾರನ ಕಿವಿಗಳು ಕೆಂಪಾಗಿದ್ದವು. ಅವನು ತಲೆಯೆತ್ತಲೇ ಇಲ್ಲ.

ಹರ್ಷಿತಾ ಚನ್ನೇಶ್‌ನ ಕಾಲನ್ನು ಜೋರಾಗಿ ತುಳಿದಳು. ಆಮೇಲೆ ಬಗ್ಗಿ, ಮಧುಕುಮಾರನ ಹೆಬ್ಬೆರಳನ್ನು ಒಂಚೂರು ಪಕ್ಕಕ್ಕೆ ಸರಿಸಿದಳು.

"ಈಗ ಹೊಡಿ," ಎಂದಳು.